ಬರೆದಿಟ್ಟ ಲೆಕ್ಕ, ಉಳಿದ ಜೀವ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಆರೋಗ್ಯ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಮಗೆ ಕೊಟ್ಟಿರುವ ವಿಷಯ ಆರೋಗ್ಯ. ನಾವು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವರು, ಆಮೇಲೆ ಹಾಲಿನ ಕ್ಯಾನು ಹಿಡಿದವರು. ಹಾಗಿದ್ದರೂ ಈ ವಿಷಯ ನಾವೇ ಕೇಳಿ ತೆಗೆದುಕೊಂಡೆವು. ಯಾಕೆ ಅಂತ ಮುಂದೆ ಹೇಳ್ತೀವಿ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಮೊದಲು ಸಂಘದ ಮಾತು. ಇಪ್ಪತ್ತೈದು ವರ್ಷದ ಹಿಂದೆ ಸಂಘ ಶುರುವಾದಾಗ ನಮ್ಮ ಹತ್ತಿರ ಏನಿತ್ತು? ಬಾಡಿಗೆಗೆ ಹಿಡಿದ ಒಂದು ಕೋಣೆ, ಒಂದು ತಕ್ಕಡಿ, ಒಂದು ಲ್ಯಾಕ್ಟೋಮೀಟರು, ಒಂದು ಉದ್ದನೆಯ ಪುಸ್ತಕ. ಆ ಪುಸ್ತಕದಲ್ಲಿ ಯಾರದು ಎಷ್ಟು ಲೀಟರು, ಫ್ಯಾಟು ಎಷ್ಟು, ಯಾವ ಹಸುವಿಗೆ ಯಾವ ದಿನ ಸೂಜಿ ಹಾಕಿಸಿದ್ದು ಅಂತ ಬರೆದೆವು. ಆಗ ಕೆಲವರು ನಕ್ಕರು. "ಹಸುವಿಗೂ ಜಾತಕ ಬರೀತಾರಲ್ಲಪ್ಪ" ಅಂದರು. ಇವತ್ತು ಯಾವ ಕರು ಯಾವ ತಳಿಯದು, ಯಾವ ಮನೆಯ ಹಸುವಿಗೆ ಯಾವ ತೊಂದರೆ ಮರಳಿ ಮರಳಿ ಬರುತ್ತದೆ ಅಂತ ಹೇಳಬೇಕಾದರೆ ಆ ಪುಸ್ತಕವೇ ಬೇಕು. ಹಸುವಿನ ಮೂರು ತಲೆಮಾರು ಬರೆದಿಟ್ಟ ನಾವು ನಮ್ಮ ಮನೆಯ ಮೂರು ತಲೆಮಾರು ಬರೆದಿಡಲಿಲ್ಲ. ಇವತ್ತಿನ ನಮ್ಮ ಮಾತೆಲ್ಲ ಇಷ್ಟೇ.

ನಮ್ಮ ದೊಡ್ಡಪ್ಪನ ಮಗ, ನಮಗೆ ಅಣ್ಣ ಆಗಬೇಕು. ಹಿರಿಯರಿಗೆಲ್ಲ ನೆನಪಿದೆ. ಆರಡಿ ಮೂರಂಗುಲ ಆಳು. ಊರವರು ತೆಂಗಿನಮರ ಅಂತಲೇ ಕರೀತಿದ್ದರು. ಉದ್ದ ಕೈ, ಉದ್ದ ಬೆರಳು, ಮೈಯಲ್ಲಿ ಮಾಂಸ ಇಲ್ಲ, ಚಿಕ್ಕಂದಿನಿಂದ ದಪ್ಪ ಗಾಜಿನ ಕನ್ನಡಕ. ಅಷ್ಟು ಉದ್ದನೆಯ ಬೆರಳಲ್ಲಿ ಹಾಲು ಕರೆದರೆ ನೋಡುವುದೇ ಚೆಂದ. 2009ರಲ್ಲಿ ಒಂದು ಬೆಳಗಿನ ಜಾವ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕೂತ. ಎದೆಯಿಂದ ಬೆನ್ನಿಗೆ ಬಟ್ಟೆ ಹರಿದ ಹಾಗೆ ನೋವು ಅಂದ. ನಾವೆಲ್ಲ ಗ್ಯಾಸು ಅಂದೆವು. ಜೀರಿಗೆ ಕಷಾಯ ಕೊಟ್ಟೆವು, ಸೋಡಾ ಕುಡಿಸಿದೆವು. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟು ಕಳಿಸಿದರು. ಮಧ್ಯಾಹ್ನ ಮತ್ತೆ ನೋವು ಬಂದು, ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲೇ ತೀರಿಕೊಂಡ. ಮೂವತ್ತನಾಲ್ಕು ವರ್ಷ. ಮಗಳಿಗೆ ಆಗ ಐದು.

ದೊಡ್ಡಪ್ಪನೂ ನಲವತ್ತು ತುಂಬುವ ಮೊದಲೇ ಹೀಗೇ ಹೋಗಿದ್ದರು. ಆದ್ದರಿಂದ ಊರಲ್ಲಿ ನಾಗದೋಷ ಅಂದರು, ಮನೆ ಬಾಗಿಲು ಸರಿಯಿಲ್ಲ ಅಂದರು. ಬಾಗಿಲನ್ನೂ ತೆಗೆಸಿ ಬೇರೆ ಕಡೆ ಇಡಿಸಿದೆವು. ಅದಕ್ಕೆ ಆದ ಖರ್ಚಿನಲ್ಲಿ ಮನೆಮಂದಿಗೆಲ್ಲ ಎದೆಯ ಸ್ಕ್ಯಾನಿಂಗ್ ಮಾಡಿಸಬಹುದಾಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಣ್ಣನ ಮಗಳು ಬೆಳೆದಳು, ಅಪ್ಪನ ಹಾಗೇ ಉದ್ದ. ಹೈಸ್ಕೂಲಲ್ಲಿ ವಾಲಿಬಾಲ್ ಆಡಿದಳು. ಪಿ.ಯು.ಸಿ.ಯಲ್ಲಿದ್ದಾಗ ಕಣ್ಣಿನ ಡಾಕ್ಟರೊಬ್ಬರು ಅವಳ ಕಣ್ಣು ನೋಡಿ, ಒಳಗಿನ ಮಸೂರ ಜಾಗ ಬಿಟ್ಟು ಸರಿದಿದೆ ಅಂದರು. ಕೈ ನೋಡಿದರು, ಬೆರಳು ನೋಡಿದರು. "ನಿಮ್ಮಪ್ಪ ಹೇಗೆ ತೀರಿಕೊಂಡರು?" ಅಂತ ಕೇಳಿದರು. ಅಲ್ಲಿಯವರೆಗೆ ಯಾವ ಡಾಕ್ಟರೂ ಆ ಪ್ರಶ್ನೆ ಕೇಳಿರಲಿಲ್ಲ, ನಾವಾಗಿಯೇ ಹೇಳಿಯೂ ಇರಲಿಲ್ಲ. ಹೃದಯದ ಎಕೋ ಮಾಡಿಸಿದಾಗ ಮಹಾಪಧಮನಿ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದೊಡ್ಡ ಕೊಳವೆ, ಬುಡದಲ್ಲಿ ಉಬ್ಬಿಕೊಂಡಿತ್ತು. ಕಾಯಿಲೆಯ ಹೆಸರು ಮಾರ್ಫಾನ್ ಸಿಂಡ್ರೋಮ್. 2022ರಲ್ಲಿ ಆಪರೇಷನ್ ಆಯಿತು. ಈಗ ಡಿಗ್ರಿ ಓದುತ್ತಿದ್ದಾಳೆ. ಅವಳ ಒಪ್ಪಿಗೆ ಪಡೆದೇ ಇದನ್ನು ಹೇಳ್ತಿದೀವಿ. ಒಪ್ಪಿಗೆ ಏನು, "ಚಿಕ್ಕಪ್ಪ, ನೀವು ಹೇಳಲೇಬೇಕು" ಅಂತ ಹಠ ಹಿಡಿದದ್ದು ಅವಳೇ.

ಒಂದು ದಿನ ಅವಳು ನಗುತ್ತಾ ಹೇಳಿದಳು: "ಚಿಕ್ಕಪ್ಪ, ನಿಮ್ಮ ಸಂಘದಲ್ಲಿ ಸದಸ್ಯರಿಗೆ ನಂಬರ್ ಇರೋ ಹಾಗೆ ನನ್ನ ಕಾಯಿಲೆಗೂ ಒಂದು ನಂಬರ್ ಇದೆ, 154700." ಯಾರು ಕೊಟ್ಟರಮ್ಮ ಅಂದೆವು. ವಿಕ್ಟರ್ ಮೆಕ್‌ಕ್ಯುಸಿಕ್ ಅನ್ನುವವರ ಪುಸ್ತಕದ ನಂಬರ್ ಅಂದಳು. ಅವತ್ತಿನಿಂದ ರಾತ್ರಿ ಊಟ ಆದಮೇಲೆ ಅವರು ಬರೆದದ್ದರ ಸಾರವನ್ನು ಒಂದೊಂದಾಗಿ ಕನ್ನಡದಲ್ಲಿ ಹೇಳಿದಳು. ನಮಗೆ ತಿಳಿದಷ್ಟು ನಿಮಗೆ ಒಪ್ಪಿಸ್ತೀವಿ.

ಈ ಮೆಕ್‌ಕ್ಯುಸಿಕ್ ನಮ್ಮಂಥ ಮನೆಯವರೇ. ಅಮೆರಿಕದ ಮೇನ್ ಅನ್ನುವ ರಾಜ್ಯದಲ್ಲಿ ಪಾರ್ಕ್‌ಮನ್ ಅಂತ ಸಣ್ಣ ಊರು. ಅಲ್ಲಿ 1921ರಲ್ಲಿ ಹುಟ್ಟಿ, ಹಸು ಸಾಕುವ ಮನೆಯಲ್ಲಿ ಬೆಳೆದವರು. ಅವಳಿ ಜವಳಿ. ಇಬ್ಬರೂ ಒಂದೇ ಅಚ್ಚು. ಅವಳಿ ಸೋದರ ಮುಂದೆ ಆ ರಾಜ್ಯದ ಮುಖ್ಯ ನ್ಯಾಯಾಧೀಶರಾದರು. ಓದಿದ್ದು ಒಂದೇ ಕೋಣೆಯ ಶಾಲೆಯಲ್ಲಿ. 1937ರಲ್ಲಿ ಕಂಕುಳಲ್ಲಿ ಕೀವು ತುಂಬಿ, ಸೋಂಕು ಏರಿ, ಹತ್ತು ವಾರ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಮಲಗಿದರು. ಆಗ ಹೊಸದಾಗಿ ಬಂದಿದ್ದ ಸಲ್ಫಾ ಔಷಧಿಯಿಂದ ಬದುಕಿದರು. ಅಲ್ಲಿಂದಲೇ ಡಾಕ್ಟರಾಗುವ ಮನಸ್ಸು ಬಂತು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 1946ರಲ್ಲಿ ಡಾಕ್ಟರಾದರು. ಆಮೇಲೆ ಆ ಜಾಗ ಬಿಡಲೇ ಇಲ್ಲ. 2008ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ.

ಅವರು ಕಲಿತದ್ದು ಹೃದಯದ ವೈದ್ಯ. ಎದೆಯ ಬಡಿತದ ಸದ್ದನ್ನು ಯಂತ್ರದಲ್ಲಿ ಹಿಡಿದು ಚಿತ್ರ ಮಾಡುವ ಕೆಲಸ ಮಾಡಿ 1958ರಲ್ಲಿ ಅದರ ಮೇಲೇ ದಪ್ಪ ಪುಸ್ತಕ ಬರೆದರು. ಆದರೆ ಹೊಸ ಡಾಕ್ಟರಾಗಿದ್ದಾಗಲೇ, ತುಟಿಯ ಮೇಲೆ ಕಪ್ಪು ಚುಕ್ಕೆ, ಕರುಳಲ್ಲಿ ಗಂಟು ಇರುವ ಒಬ್ಬ ಹುಡುಗನನ್ನು ನೋಡಿದ್ದರು. ಅದು ವಂಶದಲ್ಲಿ ಹರಿದು ಬರುವ ಕಾಯಿಲೆ ಅಂತ ಬೇರೆ ಇಬ್ಬರೊಡನೆ ಸೇರಿ 1949ರಲ್ಲಿ ಲೇಖನ ಬರೆದರು. ಅಲ್ಲಿಂದ ಅವರ ಕಣ್ಣು ರೋಗಿಯೊಬ್ಬನ ಮೇಲಷ್ಟೇ ಅಲ್ಲ, ರೋಗಿಯ ಮನೆಯ ಮೇಲೆ ಬಿತ್ತು.

ಮಾರ್ಫಾನ್ ಅನ್ನುವುದು ಫ್ರಾನ್ಸಿನ ಒಬ್ಬ ಡಾಕ್ಟರ ಹೆಸರು. 1896ರಲ್ಲಿ ಅವರು ಉದ್ದನೆಯ ಬೆರಳಿನ ಒಂದು ಐದು ವರ್ಷದ ಹೆಣ್ಣುಮಗುವನ್ನು ಕಂಡು ಬರೆದಿಟ್ಟಿದ್ದರು. ಮೆಕ್‌ಕ್ಯುಸಿಕ್ ಏನು ಮಾಡಿದರು ಅಂದರೆ, ಇಂಥವರ ಮನೆಗಳನ್ನು ಹುಡುಕಿ, ಅಪ್ಪ ಅಮ್ಮ ಅಜ್ಜ ಅಜ್ಜಿ ಅಣ್ಣ ತಮ್ಮ ಎಲ್ಲರನ್ನೂ ಪರೀಕ್ಷೆ ಮಾಡಿ, ವಂಶವೃಕ್ಷ ಬರೆದರು. 1955ರಲ್ಲಿ ಹೃದಯದ ವೈದ್ಯರು ಓದುವ 'ಸರ್ಕ್ಯುಲೇಷನ್' ಪತ್ರಿಕೆಯಲ್ಲಿ ಈ ಕಾಯಿಲೆಯವರ ಹೃದಯ, ರಕ್ತನಾಳದ ಸ್ಥಿತಿ ಕುರಿತು ಅಚ್ಚು ಮಾಡಿಸಿದರು. ಮಾರನೇ ವರ್ಷ ಪುಸ್ತಕ ತಂದರು. ಕಣ್ಣು ಬೇರೆ, ಬೆರಳು ಬೇರೆ, ಹೃದಯ ಬೇರೆ ಅಂತ ನೋಡಬೇಡಿ. ಮೈಯನ್ನೆಲ್ಲ ಹಿಡಿದು ನಿಲ್ಲಿಸುವ ನಾರಿನಲ್ಲೇ ದೋಷವಿದೆ, ಅದು ವಂಶದಲ್ಲಿ ಬರುತ್ತದೆ ಅಂತ ಹೇಳಿದರು. ಹೃದಯದ ಒಳ್ಳೆಯ ಕೆಲಸ ಬಿಟ್ಟು ಅಪರೂಪದ ಕಾಯಿಲೆಗಳ ಹಿಂದೆ ಹೋಗುತ್ತಾನಲ್ಲ ಅಂತ ಜೊತೆಯ ಡಾಕ್ಟರುಗಳು ಮರುಗಿದರಂತೆ. ಇವರು ಕೇಳಲಿಲ್ಲ.

ಆ ನಾರಿನ ವಿಷಯ ನಮಗೆ ಅರ್ಥವಾದದ್ದು ಹೀಗೆ. ಪಂಪ್‌ಸೆಟ್ಟಿನ ಡೆಲಿವರಿ ಪೈಪು ಬಿಸಿಲಿಗೆ ಬಿದ್ದು ಬಿದ್ದು ಸಡಿಲವಾಗುತ್ತದೆ. ಮೋಟಾರು ಹಾಕಿದಾಗಲೆಲ್ಲ ಮೊದಲ ಹೊಡೆತ ಬೀಳುವ ಬುಡದಲ್ಲೇ ಉಬ್ಬುತ್ತದೆ. ಉಬ್ಬಿದ್ದು ಇನ್ನೂ ತೆಳ್ಳಗಾಗುತ್ತದೆ. ಒಂದು ದಿನ ಸೀಳುತ್ತದೆ. ಹೃದಯ ನಿಮಿಷಕ್ಕೆ ಎಪ್ಪತ್ತು ಸಲ ಮೋಟಾರು ಹಾಕಿದ ಹಾಗೆ. ಅಣ್ಣನಿಗೆ ಆದದ್ದು ಅದೇ. ಬಟ್ಟೆ ಹರಿದ ಹಾಗೆ ಅಂತ ಅವನು ಸರಿಯಾಗೇ ಹೇಳಿದ್ದ. ನಾವು ಗ್ಯಾಸು ಅಂದೆವು.

1972ರಲ್ಲಿ ಮೆಕ್‌ಕ್ಯುಸಿಕ್ ಮತ್ತು ಅವರ ಜೊತೆಯವರು ಒಂದು ಲೆಕ್ಕ ಅಚ್ಚು ಹಾಕಿದರು. 257 ಮಂದಿ ಮಾರ್ಫಾನ್ ರೋಗಿಗಳ ಲೆಕ್ಕ. ಅವರಲ್ಲಿ ತೀರಿಹೋಗಿದ್ದವರು 72 ಮಂದಿ. ಸತ್ತಾಗಿನ ಸರಾಸರಿ ವಯಸ್ಸು 32. ಕಾರಣ ತಿಳಿದಿದ್ದವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಹೃದಯ, ರಕ್ತನಾಳದಿಂದಲೇ ಸತ್ತಿದ್ದರು. ಮಗಳು ಇದನ್ನು ಹೇಳಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ನಮ್ಮಣ್ಣ ಹೋದದ್ದು 34ಕ್ಕೆ. ಅವನು ಹುಟ್ಟುವ ಮೊದಲೇ ಈ ಲೆಕ್ಕ ಅಚ್ಚಾಗಿತ್ತು. ನಮ್ಮ ಮನೆಗೆ ಅದು ಬಂದು ಮುಟ್ಟಲು ಅರ್ಧ ಶತಮಾನ ಬೇಕಾಯಿತು.

ಲೆಕ್ಕ ಬರೆದು ಸುಮ್ಮನೆ ಕೂತಿದ್ದರೆ ಅದು ಬರೀ ಸಾವಿನ ಲೆಕ್ಕವಾಗುತ್ತಿತ್ತು. ಅಷ್ಟರಲ್ಲಿ 1968ರಲ್ಲಿ ಇಂಗ್ಲೆಂಡಿನ ಬೆಂಟಾಲ್ ಮತ್ತು ಡಿ ಬೋನೋ ಅನ್ನುವ ಇಬ್ಬರು ಒಂದು ಆಪರೇಷನ್ ವಿಧಾನವನ್ನು ಪ್ರಕಟಿಸಿದ್ದರು. ಉಬ್ಬಿದ ಬುಡವನ್ನು ತೆಗೆದು, ಕವಾಟ ಸಮೇತ ಇರುವ ನೇಯ್ದ ಬಟ್ಟೆಯ ಕೊಳವೆ ಹಾಕಿ, ಹೃದಯಕ್ಕೇ ರಕ್ತ ಕೊಡುವ ಎರಡು ಸಣ್ಣ ನಾಳಗಳನ್ನು ಅದಕ್ಕೆ ಮತ್ತೆ ಜೋಡಿಸುವುದು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿನ್ಸೆಂಟ್ ಗಾಟ್ ಅನ್ನುವ ಸರ್ಜನ್ 1976ರಿಂದ ಮಾರ್ಫಾನ್ ರೋಗಿಗಳಿಗೆ ಇದನ್ನು ಮಾಡತೊಡಗಿದರು. ರೋಗಿಗಳು ಎಲ್ಲಿಂದ ಬಂದರು? ಮೆಕ್‌ಕ್ಯುಸಿಕ್ ಬರೆದಿಟ್ಟ ಮನೆಗಳಂಥ ಮನೆಗಳಿಂದಲೇ. 1986ರಲ್ಲಿ 50 ಮಂದಿಗೆ ಮಾಡಿದ ಆಪರೇಷನ್ನಿನ ಫಲಿತಾಂಶ ಪ್ರಕಟವಾದಾಗ ಸರ್ಜನ್ನರ ಹೆಸರಿನ ಜೊತೆ ಮೆಕ್‌ಕ್ಯುಸಿಕ್ ಹೆಸರೂ ಇತ್ತು. ಕತ್ತರಿ ಹಿಡಿಯದವರ ಹೆಸರು ಆಪರೇಷನ್ನಿನ ಲೇಖನದಲ್ಲಿ ಯಾಕೆ ಅಂದರೆ, ಯಾರಿಗೆ ಕತ್ತರಿ ಹಾಕಬೇಕು ಅನ್ನುವುದನ್ನು ತೋರಿಸಿದವರು ಅವರು.

ಈಗ ಹೇಳುವ ಅಂಕಿಯನ್ನು ದಯವಿಟ್ಟು ಎಲ್ಲರೂ ನೆನಪಿಡಬೇಕು. 1999ರಲ್ಲಿ ಗಾಟ್ ಮತ್ತು ಸಂಗಡಿಗರು ಹತ್ತು ಆಸ್ಪತ್ರೆಗಳ 675 ಮಾರ್ಫಾನ್ ರೋಗಿಗಳ ಲೆಕ್ಕ ಕೊಟ್ಟರು. ಮುಂಚಿತವಾಗಿ ದಿನ ಗೊತ್ತುಮಾಡಿಕೊಂಡು ಬಂದು ಮಾಡಿಸಿಕೊಂಡವರಲ್ಲಿ 30 ದಿನದೊಳಗೆ ಸತ್ತವರು ನೂರಕ್ಕೆ 1.5. ತುರ್ತಾಗಿ ಎತ್ತಿಕೊಂಡು ಬಂದವರಲ್ಲಿ ನೂರಕ್ಕೆ 11.7. ಅದೇ ಕಾಯಿಲೆ, ಅದೇ ಆಪರೇಷನ್. ಬಂದ ಹೊತ್ತು ಮಾತ್ರ ಬೇರೆ. ಹೆಚ್ಚುಕಡಿಮೆ ಎಂಟರಷ್ಟು ವ್ಯತ್ಯಾಸ. ಇದರಲ್ಲಿ ದಾರಿಯಲ್ಲೇ ಹೋದ ನಮ್ಮಣ್ಣನಂಥವರ ಲೆಕ್ಕ ಸೇರಿಲ್ಲ, ಆಸ್ಪತ್ರೆ ಮುಟ್ಟಿದವರ ಲೆಕ್ಕ ಮಾತ್ರ.

ಮಾತ್ರೆಯೂ ಇದೆ. ಹೃದಯದ ಹೊಡೆತವನ್ನು ಮೆದು ಮಾಡುವ ಮಾತ್ರೆ ಕೊಟ್ಟರೆ ಕೊಳವೆ ಉಬ್ಬುವುದು ನಿಧಾನವಾಗುತ್ತದೆ ಅಂತ 70 ರೋಗಿಗಳ ಮೇಲೆ ನೋಡಿ 1994ರಲ್ಲಿ ಬರೆದರು. ಗೇಟ್‌ವಾಲ್ವನ್ನು ಮೆಲ್ಲಗೆ ತಿರುಗಿಸಿದ ಹಾಗೆ. 1991ರಲ್ಲಿ ಹ್ಯಾರಿ ಡೀಟ್ಸ್ ಮತ್ತು ಜೊತೆಯವರು ಕಾಯಿಲೆಗೆ ಕಾರಣವಾದ ಜೀನ್ ದೋಷವನ್ನೇ ಹಿಡಿದರು. ಫೈಬ್ರಿಲಿನ್ ಅನ್ನುವ ನಾರಿನ ಜೀನ್ ಅದು. ಇವರೂ ಜಾನ್ಸ್ ಹಾಪ್ಕಿನ್ಸ್‌ನವರೇ. ಇಲಿಗಳಲ್ಲಿ ಲೊಸಾರ್ಟನ್ ಅನ್ನುವ ಬಿ.ಪಿ. ಮಾತ್ರೆ ಬಹಳ ಚೆನ್ನಾಗಿ ಕೆಲಸ ಮಾಡಿತು ಅಂತ 2006ರಲ್ಲಿ ಸಂಭ್ರಮವಾಯಿತು. ಆದರೆ 608 ಮಕ್ಕಳು, ಯುವಕರಿಗೆ ಮೂರು ವರ್ಷ ಕೊಟ್ಟು 2014ರಲ್ಲಿ ಹೇಳಿದರು: ಹಳೆಯ ಬಗೆಯ ಮಾತ್ರೆಗಿಂತ ಇದೇನೂ ಮೇಲಲ್ಲ ಅಂತ. ಅಂದುಕೊಂಡದ್ದು ಆಗದಿದ್ದರೂ ಅದನ್ನೂ ಬರೆದಿಟ್ಟರಲ್ಲ, ಅದು ನಮಗೆ ಇಷ್ಟವಾಯಿತು. ನಮ್ಮ ಸಂಘದ ಜಮಾ-ಖರ್ಚಿನಲ್ಲೂ ನಷ್ಟದ ವರ್ಷ ನಷ್ಟ ಅಂತಲೇ ಇದೆ.

ಇದೆಲ್ಲದರ ಫಲ ಏನು? 1972ರ ಹೊತ್ತಿಗೂ 1993ರ ಹೊತ್ತಿಗೂ ಹೋಲಿಸಿ ನೋಡಿದರು. ಈ ಕಾಯಿಲೆಯವರ ಆಯಸ್ಸಿನ ಅಂದಾಜು 48ರಿಂದ 72ಕ್ಕೆ ಏರಿತ್ತು. ಇಪ್ಪತ್ತನಾಲ್ಕು ವರ್ಷದ ಬದುಕು. ಮಗಳ ಮದುವೆ ನೋಡುವ, ಮೊಮ್ಮಗನನ್ನು ಎತ್ತಿಕೊಳ್ಳುವ ಇಪ್ಪತ್ತನಾಲ್ಕು ವರ್ಷ.

ಇನ್ನು ಮೆಕ್‌ಕ್ಯುಸಿಕ್ ಅವರ ದೊಡ್ಡ ಪುಸ್ತಕ. 1966ರಲ್ಲಿ ಮನುಷ್ಯರಲ್ಲಿ ವಂಶವಾಗಿ ಬರುವ ಎಲ್ಲ ಲಕ್ಷಣಗಳ ಪಟ್ಟಿ ಮಾಡಿ, ಒಂದೊಂದಕ್ಕೂ ನಂಬರ್ ಕೊಟ್ಟು ಅಚ್ಚು ಹಾಕಿಸಿದರು. ಮೊದಲ ಸಲ ಸುಮಾರು ಒಂದೂವರೆ ಸಾವಿರ ನಮೂದುಗಳಿದ್ದವು. 1998ರ ಹೊತ್ತಿಗೆ ಹನ್ನೆರಡು ಮುದ್ರಣ ಆಯಿತು. ಈಗ ಅದು ಕಂಪ್ಯೂಟರಿನಲ್ಲಿ ಎಲ್ಲರಿಗೂ ಸಿಗುತ್ತದೆ. ನಮೂದುಗಳು 25 ಸಾವಿರ ದಾಟಿವೆ. ಲೆಡ್ಜರು ಬರೆದವರು ಹೋದರೂ ಲೆಡ್ಜರು ನಿಂತಿಲ್ಲ. ನಮ್ಮ ಮಗಳ ಕಾಯಿಲೆಯ ನಂಬರ್ ಅದರಲ್ಲೇ ಇರುವುದು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ಯಾವ ಕಾಯಿಲೆ ಬಂದರೂ ಸೊಸೆಯ ಕಾಲ್ಗುಣ ಅಂತಾರೆ, ಇಲ್ಲ ಸಂಬಂಧದಲ್ಲಿ ಮದುವೆ ಮಾಡಿದ್ದಕ್ಕೆ ಅಂತಾರೆ. ಮಾರ್ಫಾನ್ ಹಾಗೆ ಬರುವುದಲ್ಲ. ಅಪ್ಪ ಅಥವಾ ಅಮ್ಮ ಒಬ್ಬರಲ್ಲಿದ್ದರೆ ಸಾಕು, ಪ್ರತಿ ಮಗುವಿಗೂ ಬರಬಹುದು, ಬರದೆಯೂ ಇರಬಹುದು. ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ನಾಲ್ಕರಲ್ಲಿ ಒಬ್ಬರಿಗೆ ತಂದೆ ತಾಯಿ ಯಾರಲ್ಲೂ ಇಲ್ಲದೆ ಹೊಸದಾಗಿಯೇ ಹುಟ್ಟುತ್ತದೆ. ಯಾರ ತಪ್ಪೂ ಇಲ್ಲ.

ಸಂಬಂಧದ ಮದುವೆಯ ಕತೆ ಬೇರೆ. ಅದನ್ನೂ ಮೆಕ್‌ಕ್ಯುಸಿಕ್ ನೋಡಿದರು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಅಮಿಷ್ ಅನ್ನುವ ರೈತ ಜನ. ತಮ್ಮತಮ್ಮಲ್ಲೇ ಮದುವೆ, ಮನೆತನದ ಪಟ್ಟಿಯನ್ನು ಚೆನ್ನಾಗಿ ಬರೆದಿಟ್ಟವರು. ಅವರಲ್ಲಿ ಕೆಲವು ಮಕ್ಕಳು ಗಿಡ್ಡ, ಕೈಗೆ ಆರು ಬೆರಳು, ಅರ್ಧದಷ್ಟು ಮಕ್ಕಳಿಗೆ ಹೃದಯದಲ್ಲೂ ದೋಷ. 1964ರಲ್ಲಿ ಅವರ ಮನೆತನದ ಪುಸ್ತಕ ಹಿಡಿದು ಮೇಲೆ ಮೇಲೆ ಹೋದರೆ, ಎಲ್ಲರೂ 1744ರಲ್ಲಿ ವಲಸೆ ಬಂದ ಒಂದೇ ಗಂಡ ಹೆಂಡತಿಯ ಸಂತಾನಕ್ಕೆ ಮುಟ್ಟಿದರು. ಇಂಥ ಕಾಯಿಲೆ ಬರಬೇಕಾದರೆ ಅಪ್ಪನಿಂದಲೂ ಅಮ್ಮನಿಂದಲೂ ಎರಡೂ ಕಡೆಯಿಂದ ಅದೇ ದೋಷ ಬರಬೇಕು. ಒಂದೇ ಬೇರಿನವರು ಮದುವೆಯಾದರೆ ಅದಕ್ಕೆ ದಾರಿ ಸಲೀಸು.

ನಮ್ಮ ಕರ್ನಾಟಕದಲ್ಲೂ 1980ರ ದಶಕದಲ್ಲಿ ಹೆರಿಗೆಗೆ ಬಂದ ತಾಯಂದಿರನ್ನು ಕೇಳಿ ಬರೆದಾಗ, ಮೂರರಲ್ಲಿ ಒಂದು ಮದುವೆ ಸೋದರಮಾವನೋ ಅತ್ತೆ-ಮಾವನ ಮಕ್ಕಳೋ ಹೀಗೆ ಸಂಬಂಧದಲ್ಲೇ ಆಗಿತ್ತು. ನಾವು ಯಾರನ್ನೂ ಹಂಗಿಸುವುದಿಲ್ಲ, ನಮ್ಮ ತಾಯಿಯೇ ನಮ್ಮ ತಂದೆಗೆ ಅತ್ತೆ ಮಗಳು. ಇಂಥ ಮದುವೆಯ ಬಹುಪಾಲು ಮಕ್ಕಳು ಚೆನ್ನಾಗೇ ಇರುತ್ತಾರೆ. ಆದರೆ ಎಲ್ಲರಿಗೂ ನೂರಕ್ಕೆ ಎರಡು ಮೂರು ಮಕ್ಕಳಲ್ಲಿ ಇರುವ ಹುಟ್ಟುದೋಷದ ಭಯ, ಇಲ್ಲಿ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅಂತ ತಿಳಿದವರು ಹೇಳುತ್ತಾರೆ. ಮನೆಯಲ್ಲಿ ಒಂದು ಮಗುವಿಗೆ ಅಂಥದ್ದು ಆಗಿದ್ದರೆ, ಮತ್ತೆ ಸಂಬಂಧ ಬೆಳೆಸುವ ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು. ಒಂದೇ ಹೋರಿಯ ಬೀಜವನ್ನು ಅದರ ಮಗಳ ಹಸುವಿಗೆ ಹಾಕಿಸಬಾರದು ಅಂತ ಇಲ್ಲಿ ಕೂತವರಿಗೆಲ್ಲ ಗೊತ್ತಿದೆ.

ಇನ್ನೊಂದು ವಿಷಯ, ಊರ ಬಾಯಿ. ಮಗಳ ಆಪರೇಷನ್ ಆದಾಗ ನಮ್ಮವರೇ ಹೇಳಿದರು: "ಹೊರಗೆ ಹೇಳಬೇಡಿ, ಹುಡುಗಿ ಮದುವೆ ಕೆಡುತ್ತೆ." ಅಣ್ಣನ ತಂಗಿ ಬೇರೆ ಊರಿಗೆ ಕೊಟ್ಟವಳು, ಇದೇ ಅಂಜಿಕೆಯಿಂದ ಎರಡು ವರ್ಷ ಪರೀಕ್ಷೆಗೇ ಬರಲಿಲ್ಲ. ಕೊನೆಗೆ ನಮ್ಮ ಮಗಳೇ ಹೋಗಿ ಸೋದರತ್ತೆಯ ಕೈ ಹಿಡಿದು ಕರೆದುಕೊಂಡು ಬಂದಳು. ಅತ್ತೆಗೂ ಇತ್ತು, ಅವಳ ದೊಡ್ಡ ಮಗನಿಗೂ ಇತ್ತು. ಇನ್ನೂ ಹೆಚ್ಚು ಉಬ್ಬಿಲ್ಲ, ಇಬ್ಬರೂ ಮಾತ್ರೆಯ ಮೇಲಿದ್ದಾರೆ, ವರ್ಷಕ್ಕೊಮ್ಮೆ ಎಕೋ. ನಾವೂ ಮಾಡಿಸಿಕೊಂಡೆವು, ನಮಗಿಲ್ಲ.

ಅಮೆರಿಕದಲ್ಲಿ ಫ್ಲೋ ಹೈಮನ್ ಅಂತ ಹೆಸರಾಂತ ವಾಲಿಬಾಲ್ ಆಟಗಾರ್ತಿ ಇದ್ದರು. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ತಂಡದವರು. 1986ರಲ್ಲಿ ಜಪಾನಿನಲ್ಲಿ ಪಂದ್ಯದ ನಡುವೆ ಹೊರಗೆ ಕೂತವರು ಹಾಗೇ ಕುಸಿದು ತೀರಿಕೊಂಡರು. 31 ವರ್ಷ. ಮಾರ್ಫಾನ್ ಅಂತ ಸತ್ತ ಮೇಲೆ ಗೊತ್ತಾಯಿತು. ಆಮೇಲೆ ಅವರ ತಮ್ಮನನ್ನು ಪರೀಕ್ಷಿಸಿದರೆ ಅವನಿಗೂ ಇತ್ತು. ಆಪರೇಷನ್ ಮಾಡಿ ಉಳಿಸಿಕೊಂಡರು. ಅಂದರೆ ಅಷ್ಟು ಮುಂದುವರಿದ ದೇಶದಲ್ಲೂ ಮೊದಲು ಒಬ್ಬರು ಹೋಗಬೇಕಾಯಿತು. ನಮ್ಮ ಮನೆಯಲ್ಲಿ ಇಬ್ಬರು ಹೋದರು. ನಿಮ್ಮ ಮನೆಯಲ್ಲಿ ಯಾರೂ ಹೋಗುವುದು ಬೇಡ.

ಆಪರೇಷನ್ ಆದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಮಗಳಿಗೆ ಹಾಕಿರುವುದು ಲೋಹದ ಕವಾಟ. ರಕ್ತ ಹೆಪ್ಪುಗಟ್ಟದಂತೆ ದಿನವೂ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ವಾಲಿಬಾಲ್ ಬಿಟ್ಟಳು. ಅದಕ್ಕೆ ಒಂದು ವಾರ ಅತ್ತಳು. ಮುಂದೆ ಮದುವೆ, ಬಸಿರು ಇವೆಲ್ಲ ಡಾಕ್ಟರ ಹತ್ತಿರ ಮೊದಲೇ ಮಾತಾಡಿಯೇ ಆಗಬೇಕು. ಆದರೆ ಬೆಳಿಗ್ಗೆ ಏಳು ಗಂಟೆ ಬಸ್ಸಿಗೆ ಪುಸ್ತಕ ಹಿಡಿದು ಓಡುತ್ತಾಳೆ, ನೋಡಿದೀರಿ.

ಖರ್ಚಿನ ಮಾತು. 2002ರಲ್ಲಿ ನಮ್ಮ ರಾಜ್ಯದ ಸಹಕಾರ ಇಲಾಖೆ, ಡಾಕ್ಟರ್ ದೇವಿ ಶೆಟ್ಟಿಯವರ ಆಲೋಚನೆಯಂತೆ, ಸಹಕಾರ ಸಂಘದ ರೈತರಿಗಾಗಿ ಯಶಸ್ವಿನಿ ತಂದಿತು. ಆಗ ತಿಂಗಳಿಗೆ ಐದು ರೂಪಾಯಿ. ಐದೈದು ರೂಪಾಯಿ ಕೂಡಿಸಿ ಹೃದಯದ ಆಪರೇಷನ್ ಮಾಡಿಸಿದ್ದು ಸಹಕಾರ. 2018ರಲ್ಲಿ ಅದು ಬೇರೆ ಯೋಜನೆಯಲ್ಲಿ ಸೇರಿ, 2022ರಲ್ಲಿ ಮತ್ತೆ ಶುರುವಾಯಿತು. ನಮಗೆ ಯಾವುದರಲ್ಲಿ ಎಷ್ಟು ಸಿಗುತ್ತದೆ ಅಂತ ತಿಳಿಯದೆ ಹದಿನೈದು ದಿನ ಅಲೆದೆವು. ಇನ್ನೊಬ್ಬರು ಹಾಗೆ ಅಲೆಯಬಾರದು. ಆದ್ದರಿಂದ ಯಾವ ಕಾರ್ಡಿಗೆ ಎಲ್ಲಿ ಏನು ಸಿಗುತ್ತದೆ, ನೋಂದಣಿ ಕೊನೆಯ ದಿನ ಯಾವುದು ಅನ್ನುವ ಒಂದು ಫೈಲು ಸಂಘದಲ್ಲಿ ಇರಬೇಕು ಅಂತ ಆಡಳಿತ ಮಂಡಳಿಯ ಮುಂದೆ ಕೇಳಿದ್ದೇವೆ. ಅಧ್ಯಕ್ಷರು ಒಪ್ಪಿದ್ದಾರೆ.

ನಿಮ್ಮನ್ನು ಕೇಳುವುದು ಒಂದೇ. ಇವತ್ತು ಊಟ ಮಾಡಿ ಮನೆಗೆ ಹೋದಮೇಲೆ ಒಂದು ನೋಟ್ ಬುಕ್ ತೆಗೆಯಿರಿ. ಅಜ್ಜ ಅಜ್ಜಿ, ಅವರ ಮಕ್ಕಳು, ಮೊಮ್ಮಕ್ಕಳು ಬರೆಯಿರಿ. ಯಾರು ಯಾವ ವಯಸ್ಸಿಗೆ ಹೋದರು, ಹೋಗುವಾಗ ಏನಾಗಿತ್ತು ಬರೆಯಿರಿ. ಹುಟ್ಟಿ ಸತ್ತ ಕೂಸುಗಳನ್ನೂ ಬಿಡಬೇಡಿ. ಮುದುಕಿಯರನ್ನು ಕೇಳಿ, ಅವರಿಗೇ ಎಲ್ಲ ನೆನಪಿರುವುದು. ಇದು ಸಂಘದ ಪುಸ್ತಕದಲ್ಲಿ ಬೇಡ, ಪಕ್ಕದ ಮನೆಗೂ ತೋರಿಸುವುದು ಬೇಡ. ನಿಮ್ಮ ಮನೆ ಪೆಟ್ಟಿಗೆಯಲ್ಲಿರಲಿ. ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿರಲಿ. ಚಿಕ್ಕ ವಯಸ್ಸಿಗೆ ಇದ್ದಕ್ಕಿದ್ದಂತೆ ಹೋದವರು ಇಬ್ಬರು ಸಿಕ್ಕರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ, ಎಕೋ ಬೇಕೇ ಅಂತ ಕೇಳಿ. ಉದ್ದ ಇರುವವರೆಲ್ಲ ರೋಗಿಗಳಲ್ಲ, ಹೆದರಬೇಡಿ. ಈ ಕಾಯಿಲೆ ಸುಮಾರು ಐದು ಸಾವಿರಕ್ಕೆ ಒಬ್ಬರಿಗೆ. ಆದರೆ ಆ ಒಬ್ಬರು ಯಾರ ಮನೆಯಲ್ಲಿದ್ದಾರೆ ಅಂತ ಬರೆದಿಟ್ಟ ಮನೆಗೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಮನೆಯ ಪುಸ್ತಕ ಬರೆದಾಗಿದೆ. ಬರೆದವಳು ಅಣ್ಣನ ಮಗಳು. ಮೊದಲ ಸಾಲಿನಲ್ಲಿ ದೊಡ್ಡಪ್ಪ, ಎರಡನೇ ಸಾಲಿನಲ್ಲಿ ಅಣ್ಣ, ಮೂರನೆಯದರಲ್ಲಿ ಅವಳ ಹೆಸರು. ಅವಳ ಹೆಸರಿನ ಮುಂದೆ ಆಪರೇಷನ್ನಿನ ತಾರೀಖು ಇದೆ. ಇನ್ನೊಂದು ಕಾಲಂ ಖಾಲಿ ಬಿಟ್ಟಿದ್ದಾಳೆ. ಅದು ಬಹಳ ವರ್ಷ ಖಾಲಿಯೇ ಇರಲಿ ಅಂತ ನಿಮ್ಮೆಲ್ಲರ ಹಾರೈಕೆ ಬೇಡುತ್ತೇವೆ.